ಮಾತ್ರೆ ಮೀರಿದ ಟ್ಯಾಬ್ಲೆಟ್

ಮೂವತ್ತು ವರ್ಷಗಳ ಹಿಂದೆ ನಮ್ಮ ಕರಾವಳಿಯ ಮನೆಗಳಲ್ಲಿ ‘ಟ್ಯಾಬ್ಲೆಟ್’ ಎಂಬ ಮಾತು ಕೇಳಿಬಂದರೆ ಅದು ವೈದ್ಯರು ಕೊಟ್ಟ ಗುಳಿಗೆಯೆಂದೇ ಎಲ್ಲರೂ ತಿಳಿಯುತ್ತಿದ್ದರು. ಕನ್ನಡದಲ್ಲಿ ಅದನ್ನು ‘ಮಾತ್ರೆ’ ಎನ್ನುತ್ತೇವೆ. ಸಂಸ್ಕೃತದಲ್ಲಿ ‘ಮಾತ್ರಾ’ ಎಂದರೆ ಅಳತೆ, ಪ್ರಮಾಣ. ಆಹಾರವನ್ನು ಮಾತ್ರೆಯರಿತು ಸೇವಿಸಬೇಕೆಂಬ ವಿಧಿಯಿಂದಲೇ ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯ ಆರಂಭವಾಗುತ್ತದೆ. ಅಳತೆಯರಿತು ಕೊಟ್ಟರೆ ಔಷಧ, ಅಳತೆ ಮೀರಿದರೆ ಅದೇ ವಿಷ ಎಂಬುದು ವೈದ್ಯಶಾಸ್ತ್ರದ ಮೊದಲ ಪಾಠ. ಇಂದು ಅದೇ ಹೆಸರಿನ ಗಾಜಿನ ಹಲಗೆಯೊಂದು ನಮ್ಮ ಮಕ್ಕಳ ಕೈ ಸೇರಿದೆ. ಹೆಸರು ಉಳಿದಿದೆ, ಅಳತೆ ಮಾತ್ರ ತಪ್ಪಿಹೋಗಿದೆ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳಲ್ಲಿ ಮೂರು ದಶಕಗಳಿಂದ ಚಿಕಿತ್ಸಾವೃತ್ತಿಯಲ್ಲಿ ತೊಡಗಿರುವ ನಮ್ಮಲ್ಲಿಗೆ ಹಿಂದೆ ಹದಿಹರೆಯದ ಮಕ್ಕಳು ಬರುತ್ತಿದ್ದುದು ಜ್ವರ, ಕಜ್ಜಿ, ಅಜೀರ್ಣ, ಬಿದ್ದ ಪೆಟ್ಟು ಮುಂತಾದವುಗಳಿಗಾಗಿ. ಈಗ ಬರುವ ಮಕ್ಕಳ ದೂರುಗಳು ಬೇರೆ: ತಲೆನೋವು, ಕಣ್ಣುರಿ, ಕುತ್ತಿಗೆ ಸೆಳೆತ, ಮಲಬದ್ಧತೆ, ಬೆಳಗ್ಗೆ ಏಳಲಾಗದಿರುವುದು, ಮಾತುಮಾತಿಗೂ ಸಿಡುಕು. ಪರೀಕ್ಷೆಯಲ್ಲಿ ದೊಡ್ಡ ರೋಗವೇನೂ ಸಿಗುವುದಿಲ್ಲ. ‘ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀ?’ ಎಂದು ಕೇಳಿದರೆ ಮಗು ತಾಯಿಯ ಮುಖ ನೋಡುತ್ತದೆ, ತಾಯಿ ನೆಲ ನೋಡುತ್ತಾಳೆ. ಆ ಮೌನದಲ್ಲಿಯೇ ರೋಗದ ನಿದಾನ ಅಡಗಿದೆ.

ಈ ವಸ್ತು ಮನೆಯೊಳಗೆ ಬಂದ ಬಗೆ

ದೋಷವನ್ನು ಮಕ್ಕಳ ಮೇಲೆ ಹೊರಿಸುವ ಮೊದಲು ಟ್ಯಾಬ್ಲೆಟ್ ಮನೆಯೊಳಗೆ ಬಂದ ಬಗೆಯನ್ನು ನೆನೆಯಬೇಕು. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದವು. ಅದೇ ವರ್ಷ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಪ್ರೊ. ಎಂ. ಕೆ. ಶ್ರೀಧರ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ ಈ ವಿಷಯವನ್ನು ಪರಿಶೀಲಿಸಿತು. ಜುಲೈ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಆ ನಿಷೇಧಕ್ಕೆ ತಡೆ ನೀಡಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ನಮ್ಮ ಉತ್ತರಕನ್ನಡದ ಕಾಡಂಚಿನ ಊರುಗಳಲ್ಲಿ ಮಕ್ಕಳು ಸಿಗ್ನಲ್ ಅರಸುತ್ತ ಗುಡ್ಡವೇರಿ, ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದ್ದನ್ನು ನಾಡೇ ಬಲ್ಲದು.

ಆಗ ಅನೇಕ ತಂದೆತಾಯಂದಿರು ಸಾಲ ಮಾಡಿ, ಚಿನ್ನ ಒತ್ತೆಯಿಟ್ಟು ಮಕ್ಕಳಿಗೆ ಟ್ಯಾಬ್ಲೆಟ್ ಕೊಡಿಸಿದರು. ಅದು ವಿದ್ಯೆಗಾಗಿ ಮಾಡಿದ ತ್ಯಾಗವೇ ಹೊರತು ವಿಲಾಸವಲ್ಲ. ಶಾಲೆ ತೆರೆದ ಮೇಲೆ ಪಾಠವು ತರಗತಿಗೆ ಮರಳಿತು, ಟ್ಯಾಬ್ಲೆಟ್ ಮನೆಯಲ್ಲೇ ಉಳಿಯಿತು. ಅಂದು ಸಿಗ್ನಲ್ ಸಿಗದೆ ಪರದಾಡಿದ ಮನೆಗಳೇ ಇಂದು ಸಿಗ್ನಲ್ ನಿಲ್ಲದೆ ಪರದಾಡುತ್ತಿವೆ. ಅಂದು ಏಳೆಂಟು ವರ್ಷದವರಾಗಿದ್ದ ಮಕ್ಕಳು ಇಂದು ಹದಿಹರೆಯದಲ್ಲಿದ್ದಾರೆ. ಹಿರಿಯರೇ ಕೈಗಿತ್ತ ವಸ್ತುವನ್ನು ಹಿರಿಯರೇ ಬೈದು ಕಸಿಯುವಾಗ ಮಗುವಿಗೆ ಅದು ಅನ್ಯಾಯವೆಂದು ತೋರುವುದು ಸಹಜ. ಈ ಮಾತನ್ನು ಒಪ್ಪಿಕೊಂಡಲ್ಲದೆ ಮಿತಿಯ ಮಾತನ್ನು ಆರಂಭಿಸಲಾಗದು.

ತಡೆಯಬೇಕಾದ ವೇಗ, ತಡೆಯಬಾರದ ವೇಗ

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ದೇಹದ ಹದಿಮೂರು ಸಹಜ ವೇಗಗಳನ್ನು ಹೆಸರಿಸಿ, ಅವುಗಳನ್ನು ತಡೆಯಬಾರದೆಂದು ವಿಧಿಸುತ್ತದೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ಆಕಳಿಕೆ, ಕಣ್ಣೀರು, ನಿದ್ರೆ ಇವೆಲ್ಲ ಆ ಗಣಕ್ಕೆ ಸೇರಿದವು. ಅದೇ ಅಧ್ಯಾಯವು ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಲೋಭ, ಕ್ರೋಧ, ಈರ್ಷ್ಯೆ, ಅತಿಯಾದ ಆಸಕ್ತಿ, ಕಠೋರವಾದ ಮಾತು, ಹೊತ್ತಲ್ಲದ ಹೊತ್ತಿನ ಮಾತು ಮುಂತಾದವು ಆ ಎರಡನೆಯ ಗಣದಲ್ಲಿವೆ.

ಟ್ಯಾಬ್ಲೆಟ್ ಹಿಡಿದು ಕುಳಿತ ಹದಿನೈದರ ಹುಡುಗನನ್ನು ಒಂದು ಗಂಟೆ ಸುಮ್ಮನೆ ಗಮನಿಸಿರಿ. ಮೂತ್ರ ಬಂದರೂ ಏಳುವುದಿಲ್ಲ. ‘ಇದೊಂದು ಮುಗಿಯಲಿ’ ಎನ್ನುತ್ತಾನೆ. ಹಸಿವಾದರೂ ಉಣ್ಣುವುದಿಲ್ಲ. ಆಕಳಿಕೆ ಬಂದರೂ ಮಲಗುವುದಿಲ್ಲ. ಕಣ್ಣು ಮಿಟುಕಿಸುವುದನ್ನು ಕೂಡ ಮರೆಯುತ್ತಾನೆ. ಇತ್ತ ಇನ್ನೊಂದು ಬೇಕು, ಮತ್ತೊಂದು ಬೇಕು ಎಂಬ ಆಸೆಗೆ ತಡೆಯೇ ಇಲ್ಲ. ಸೋತರೆ ಕ್ರೋಧ, ಪರರ ಚಿತ್ರ ಕಂಡರೆ ಈರ್ಷ್ಯೆ. ತಡೆಯಬಾರದ್ದನ್ನು ತಡೆದು, ತಡೆಯಬೇಕಾದ್ದನ್ನು ಹರಿಯಬಿಡುವ ಈ ವಿಪರ್ಯಾಸವೇ ನಮ್ಮ ಮುಂದಿರುವ ರೋಗದ ಮೂಲ.

ನಿದ್ರೆಯ ವೇಗವನ್ನು ತಡೆದವನಿಗೆ ಆಕಳಿಕೆ, ಮೈಕೈ ನೋವು, ಜಡತೆ, ತಲೆಯ ಬಾಧೆ, ಕಣ್ಣುಗಳ ಭಾರ ಉಂಟಾಗುತ್ತವೆಂದು ಚರಕರು ಅದೇ ಅಧ್ಯಾಯದಲ್ಲಿ ಹೇಳಿದ್ದಾರೆ. ಚಿಕಿತ್ಸಾಲಯಕ್ಕೆ ಬರುವ ಇಂದಿನ ಮಕ್ಕಳ ದೂರಿನ ಪಟ್ಟಿಯೂ ಇದೇ ಆಗಿದೆ. ರಾತ್ರಿ ಜಾಗರಣೆಯು ದೇಹದಲ್ಲಿ ರೂಕ್ಷತೆಯನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ. ಮಲಬದ್ಧತೆಯೂ ಸಿಡುಕೂ ಅದರ ಸಂತಾನಗಳೇ.

ಆಧುನಿಕ ವೈದ್ಯವಿಜ್ಞಾನ ಇದಕ್ಕೆ ಇನ್ನೊಂದು ವಿವರಣೆಯನ್ನು ಸೇರಿಸುತ್ತದೆ. ಕತ್ತಲಾಗುತ್ತಿದ್ದಂತೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಸ ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂಬ ಸೂಚನೆ ನೀಡುತ್ತದೆ. ಕಣ್ಣಿನ ಹತ್ತಿರ ಬೆಳಗುವ ಪರದೆಯ ಬೆಳಕು ಆ ಸ್ರಾವವನ್ನು ತಡಮಾಡುತ್ತದೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದಿಷ್ಟು ಹಿಂದಕ್ಕೆ ಸರಿಯುವುದರಿಂದ ಮಕ್ಕಳಿಗೆ ನಿದ್ರೆ ಬರುವುದು ತಡ. ಅದಕ್ಕೆ ಪರದೆಯೂ ಜೊತೆಗೂಡಿದರೆ ನಡುರಾತ್ರಿ ದಾಟುವುದು ಕಷ್ಟವೇನಲ್ಲ. ಆದರೆ ಶಾಲೆಯ ಬಸ್ಸು ಮಾತ್ರ ತನ್ನ ಹೊತ್ತಿಗೇ ಬರುತ್ತದೆ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಮತ. ಐದು ಗಂಟೆ ಮಲಗಿ ಎದ್ದ ಮಗುವನ್ನು ‘ಸೋಮಾರಿ’ ಎಂದು ಬೈಯುವುದು ಉಪವಾಸವಿದ್ದವನನ್ನು ‘ಬಲವಿಲ್ಲದವ’ ಎಂದು ಹಳಿದಂತೆ.

ಕಣ್ಣಿಗೆ ಅತಿಯೋಗ, ಮಿಥ್ಯಾಯೋಗ

ಇಂದ್ರಿಯಗಳು ತಮ್ಮ ವಿಷಯಗಳೊಡನೆ ಕೂಡುವ ಬಗೆ ಕೆಟ್ಟಾಗ ರೋಗ ಹುಟ್ಟುತ್ತದೆಂದು ಆಯುರ್ವೇದ ತಿಳಿಸುತ್ತದೆ. ಕಣ್ಣಿನ ವಿಷಯದಲ್ಲಿ ಹೇಳುವುದಾದರೆ, ಪ್ರಖರವಾದುದನ್ನು ಅಳತೆ ಮೀರಿ ನೋಡುವುದು ಅತಿಯೋಗ. ತೀರ ಸೂಕ್ಷ್ಮವಾದುದನ್ನು, ತೀರ ಹತ್ತಿರದಲ್ಲಿರುವುದನ್ನು, ಭಯಂಕರವಾದ, ಜುಗುಪ್ಸೆ ಹುಟ್ಟಿಸುವ ದೃಶ್ಯಗಳನ್ನು ನೋಡುವುದು ಮಿಥ್ಯಾಯೋಗ. ಟ್ಯಾಬ್ಲೆಟ್ ಇಲ್ಲದ ಕಾಲದಲ್ಲಿ ಬರೆದ ಈ ಮಾತು ಅದಕ್ಕಾಗಿಯೇ ಬರೆದಂತಿದೆ.

ಈ ವಿಂಗಡಣೆಯಿಂದ ತಂದೆತಾಯಂದಿರಿಗೆ ಒಂದು ಪ್ರಯೋಜನವಿದೆ. ಬಹುತೇಕ ಮನೆಗಳಲ್ಲಿ ಜಗಳವೆಲ್ಲ ‘ಎಷ್ಟು ಗಂಟೆ’ ಎಂಬುದರ ಮೇಲೆಯೇ ನಡೆಯುತ್ತದೆ. ಅದು ಅತಿಯೋಗದ ಪ್ರಶ್ನೆ ಮಾತ್ರ. ಮಗು ಏನನ್ನು ನೋಡುತ್ತಿದೆ, ಎಷ್ಟು ಹತ್ತಿರ ಹಿಡಿದಿದೆ, ಯಾವ ಹೊತ್ತಿನಲ್ಲಿ ನೋಡುತ್ತಿದೆ ಎಂಬುದೂ ಅಷ್ಟೇ ಮುಖ್ಯ. ಹಗಲಿನಲ್ಲಿ ಮೇಜಿನ ಮೇಲಿಟ್ಟು ಒಂದು ಗಂಟೆ ಗಣಿತದ ಪಾಠ ಕೇಳುವುದೂ, ಹೊದಿಕೆಯೊಳಗೆ ಮೂಗಿನ ತುದಿಗೆ ಹಿಡಿದು ಒಂದು ಗಂಟೆ ಹೊಡೆದಾಟ ನೋಡುವುದೂ ಗಡಿಯಾರಕ್ಕೆ ಒಂದೇ. ದೇಹಕ್ಕೂ ಮನಸ್ಸಿಗೂ ಒಂದೇ ಅಲ್ಲ.

‘ನಾವೂ ರಾತ್ರಿಯಿಡೀ ಆಟ ನೋಡಿದವರೇ’

ನಮ್ಮ ಸೀಮೆಯ ಅಜ್ಜಂದಿರು ಕೆಲವೊಮ್ಮೆ ಮೊಮ್ಮಕ್ಕಳ ಪಕ್ಷ ವಹಿಸಿ ಒಂದು ಆಕ್ಷೇಪ ಎತ್ತುತ್ತಾರೆ: ‘ನಾವೂ ರಾತ್ರಿಯಿಡೀ ಆಟ ನೋಡಿದವರೇ. ನಮಗೇನಾಯಿತು?’ ಆಟವೆಂದರೆ ಇಲ್ಲಿ ಯಕ್ಷಗಾನ ಬಯಲಾಟ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದರು. ಇಂತಹ ನೆಲದಲ್ಲಿ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಎರಡಕ್ಕೂ ವ್ಯತ್ಯಾಸವಿದೆ. ಆ ಆಟ ಮಳೆಗಾಲ ಕಳೆದ ಮೇಲೆ ಊರಿಗೆ ಬರುವಂತಹದು, ಪ್ರತಿರಾತ್ರಿಯದಲ್ಲ. ಊರ ಜನರೊಡನೆ ಕುಳಿತು ನೋಡುವಂತಹದು. ಗೋಡೆಗೆ ಮುಖಮಾಡಿ ಒಂಟಿಯಾಗಿ ನೋಡುವಂತಹದಲ್ಲ. ದೂರದ ರಂಗವನ್ನು ದಿಟ್ಟಿಸುವ ಕಣ್ಣು ಆಚೀಚೆ ಚಲಿಸುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಆ ಆಟಕ್ಕೆ ಮಂಗಳವಿತ್ತು. ಭಾಗವತರು ಮಂಗಳ ಹಾಡಿದರೆಂದರೆ ಪ್ರಸಂಗ ಮುಗಿಯಿತು, ಜನ ಎದ್ದು ಮನೆಗೆ ನಡೆದರು. ಟ್ಯಾಬ್ಲೆಟ್‌ನ ಆಟಕ್ಕೆ ಮಂಗಳವಿಲ್ಲ. ಒಂದು ದೃಶ್ಯ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ತೆರೆದುಕೊಳ್ಳುತ್ತದೆ. ನೋಡುಗನು ಏಳದಿರಲೆಂದೇ ಅದನ್ನು ಹಾಗೆ ರೂಪಿಸಲಾಗಿದೆ. ಮಂಗಳವಿಲ್ಲದ ಆಟಕ್ಕೆ ಮಂಗಳ ಹಾಡುವ ಹೊಣೆ ಮನೆಯವರದು. ಯಕ್ಷಗಾನವೂ ಇಂದು ಕಾಲಕ್ಕೆ ತಕ್ಕಂತೆ ‘ಕಾಲಮಿತಿ’ ಪ್ರಯೋಗಗಳನ್ನು ಅಂಗೀಕರಿಸಿಲ್ಲವೇ? ಮಿತಿಯಿಂದ ಕಲೆಯ ಗೌರವ ಕುಂದಲಿಲ್ಲ. ಮಗುವಿಗೂ ಮಿತಿಯಿಂದ ಅವಮಾನವಾಗಬೇಕಿಲ್ಲ.

ಮಿತಿ ಎಷ್ಟು?

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆಯಲ್ಲಿ ತೊಡಗಬೇಕು, ವಿನೋದಕ್ಕಾಗಿ ಪರದೆಯ ಮುಂದೆ ಕೂರುವ ಕಾಲವನ್ನು ಮಿತಗೊಳಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಭಾರತೀಯ ಮಕ್ಕಳ ತಜ್ಞರ ಸಂಘದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಶಿಶುಗಳಿಗೆ ಪರದೆಯೇ ಬೇಡ. ಎರಡರಿಂದ ಐದರವರೆಗೆ 1 ಗಂಟೆಯನ್ನು ಮೀರಬಾರದು. ಐದರಿಂದ ಹತ್ತರವರೆಗೆ 2 ಗಂಟೆಗಿಂತ ಕಡಿಮೆ ಇರಬೇಕು. ಹತ್ತು ವರ್ಷ ದಾಟಿದವರಿಗೆ ಅದು ಒಂದು ಅಂಕಿಯನ್ನು ವಿಧಿಸುವುದಿಲ್ಲ. ನಿದ್ರೆ, ಆಟ, ಅಧ್ಯಯನ, ಮನೆಯವರೊಡನೆ ಮಾತುಕತೆ ಇವು ಕುಂದದಂತೆ ಸಮತೋಲವಿರಲಿ ಎನ್ನುತ್ತದೆ. ಆನ್‌ಲೈನ್ ಪಾಠಗಳಿಗಾಗಿ ಕೇಂದ್ರ ಸರ್ಕಾರ 2020ರ ಜುಲೈಯಲ್ಲಿ ಹೊರಡಿಸಿದ ‘ಪ್ರಜ್ಞಾತ’ ಮಾರ್ಗಸೂಚಿಯಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ 30ರಿಂದ 45 ನಿಮಿಷಗಳ ನಾಲ್ಕು ಅವಧಿಗಳೇ ಗರಿಷ್ಠ ಮಿತಿಯಾಗಿದ್ದವು.

ಆದ್ದರಿಂದ ಹರೆಯದ ಮಕ್ಕಳಿಗೆ ಲೆಕ್ಕವನ್ನು ಹಿಂದುಮುಂದಾಗಿ ಹಾಕುವುದು ಲೇಸು. ಮೊದಲು ನಿದ್ರೆಯ ಒಂಬತ್ತು ಗಂಟೆ, ಶಾಲೆ, ಅಭ್ಯಾಸ, ಊಟ, ಸ್ನಾನ, ಒಂದು ಗಂಟೆ ಆಟ, ಮನೆಗೆಲಸ ಇವನ್ನೆಲ್ಲ ದಿನದಿಂದ ಕಳೆಯಿರಿ. ಉಳಿಯುವುದು ಒಂದೂವರೆ ಗಂಟೆಯಷ್ಟೇ. ಅದೇ ಮಗುವಿನ ಟ್ಯಾಬ್ಲೆಟ್‌ನ ಮಾತ್ರೆ. ಈ ಲೆಕ್ಕವನ್ನು ಮಗುವಿನ ಕೈಯಲ್ಲೇ ಹಾಕಿಸಿದರೆ ಉತ್ತರವನ್ನು ಅದು ಅಲ್ಲಗಳೆಯಲಾರದು.

ಕಾಲು ಭಾಗದ ಕ್ರಮ

ಮಿತಿಯನ್ನು ಅರಿತರೆ ಸಾಲದು, ಅದನ್ನು ತರುವ ಕ್ರಮವೂ ತಿಳಿದಿರಬೇಕು. ವೇಗಗಳನ್ನು ವಿವರಿಸಿದ ಅದೇ ಏಳನೆಯ ಅಧ್ಯಾಯದಲ್ಲಿ ಚರಕರು ಇದಕ್ಕೂ ದಾರಿ ತೋರಿದ್ದಾರೆ. ರೂಢಿಯಾದ ಅಹಿತವನ್ನು ಒಮ್ಮೆಲೇ ಬಿಡಬಾರದು; ಕಾಲು ಭಾಗ ಬಿಟ್ಟು ಆ ಸ್ಥಳದಲ್ಲಿ ಕಾಲು ಭಾಗ ಹಿತವನ್ನು ತುಂಬಬೇಕು; ನಡುವೆ ಅಂತರವಿಟ್ಟು ಮುಂದಿನ ಕಾಲು ಭಾಗಕ್ಕೆ ಕೈಹಾಕಬೇಕು. ಹೀಗೆ ಕ್ರಮವಾಗಿ ಕಳೆದ ದೋಷ ಮರಳಿ ಬರುವುದಿಲ್ಲ, ಕ್ರಮವಾಗಿ ಗಳಿಸಿದ ಗುಣ ಅಲುಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಇದನ್ನು ಪಾದಾಂಶಿಕ ಕ್ರಮ ಎನ್ನುತ್ತಾರೆ. ಗ್ರಂಥದಲ್ಲಿ ಅಂತರವನ್ನು ದಿನಗಳಲ್ಲಿ ಹೇಳಿದೆ. ಹರೆಯದ ಮಕ್ಕಳ ವಿಷಯದಲ್ಲಿ ನಾವು ಪ್ರತಿ ಹೆಜ್ಜೆಗೂ ಎರಡು ವಾರ ನೀಡುತ್ತೇವೆ.

ಹೊನ್ನಾವರ ಕಡೆಯ ಒಂದು ಮನೆಯ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಹತ್ತನೆಯ ತರಗತಿಯ ಬಾಲಕ. ತಂದೆಗೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸ. ರಾತ್ರಿ ಹತ್ತರ ಮೇಲೆಯೇ ಬಿಡುವು. ಹತ್ತೂವರೆಗೆ ಟ್ಯಾಬ್ಲೆಟ್‌ನಲ್ಲಿ ಮಗನೊಡನೆ ಮುಖ ನೋಡಿ ಮಾತಾಡುತ್ತಿದ್ದರು. ತಂದೆ ಮಲಗಿದ ಮೇಲೂ ಟ್ಯಾಬ್ಲೆಟ್ ಮಗನ ಹಾಸಿಗೆಯಲ್ಲೇ ಉಳಿಯುತ್ತಿತ್ತು, ಒಂದೂವರೆಯವರೆಗೆ. ತರಗತಿಯಲ್ಲಿ ತೂಕಡಿಕೆ, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣ. ತಾಯಿ ಸಿಟ್ಟಿನಿಂದ ಟ್ಯಾಬ್ಲೆಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬಾಲಕ ಎರಡು ದಿನ ಊಟ ಬಿಟ್ಟ. ಹನ್ನೆರಡು ದಿನ ತಂದೆಯ ಕರೆಗೆ ಉತ್ತರಿಸಲಿಲ್ಲ. ವರ್ಷಕ್ಕೆ ಎರಡು ಬಾರಿ ಮಾತ್ರ ಊರಿಗೆ ಬರುವ ಆ ತಂದೆಗೆ ಮಗನ ಮುಖ ಕಾಣುವ ಕಿಟಕಿಯೇ ಮುಚ್ಚಿಹೋಯಿತು. ತಾಯಿ ನಮ್ಮಲ್ಲಿಗೆ ಬಂದುದು ಮಗನ ತಲೆನೋವಿಗಾಗಿ. ಅತ್ತದ್ದು ಈ ಹನ್ನೆರಡು ದಿನಗಳಿಗಾಗಿ.

ಲೆಕ್ಕ ಹಾಕಿದಾಗ ಪಾಠ ಮತ್ತು ತಂದೆಯ ಕರೆಯ ಹೊರತಾಗಿ ಬಾಲಕನ ಟ್ಯಾಬ್ಲೆಟ್ ಬಳಕೆ ದಿನಕ್ಕೆ ಆರು ಗಂಟೆಯಾಗಿತ್ತು. ಕಾಲು ಭಾಗವೆಂದರೆ ಒಂದೂವರೆ ಗಂಟೆ. ಮೊದಲ ಕಾಲು ಭಾಗವನ್ನು ರಾತ್ರಿ ಹನ್ನೆರಡರ ನಂತರದ ಹೊತ್ತಿನಿಂದ ತೆಗೆದು ಆ ಸ್ಥಳದಲ್ಲಿ ನಿದ್ರೆಯನ್ನಿರಿಸಿದೆವು. ಎರಡು ವಾರಗಳ ಬಳಿಕ ಹತ್ತೂವರೆಯಿಂದ ಹನ್ನೆರಡರವರೆಗಿನ ಎರಡನೆಯ ಭಾಗ. ಇಲ್ಲಿಯೇ ತೊಡಕು, ಏಕೆಂದರೆ ತಂದೆಯ ಕರೆಯೂ ಅದೇ ಹೊತ್ತಿನದು. ಕರೆಯನ್ನು ಬೆಳಗಿನ ಆರೂವರೆಗೆ ಬದಲಿಸಬೇಕೆಂದು ನಾವು ಸೂಚಿಸಿದೆವು. ‘ಹಾಗಾದರೆ ನನಗೂ ಪಥ್ಯವೇ?’ ಎಂದು ತಂದೆ ಕೇಳಿದರು. ಹೌದೆಂದೆವು. ನಡುರಾತ್ರಿ ಮಲಗುವ ಆ ಮನುಷ್ಯ ಮಗನಿಗಾಗಿ ಬೆಳಗ್ಗೆ ಆರೂವರೆಗೆ ಏಳತೊಡಗಿದರು. ತಂದೆಯ ಕರೆಯಿದೆಯೆಂದು ಮಗನೂ ಏಳತೊಡಗಿದ. ಮೂರನೆಯ ಭಾಗವನ್ನು ಊಟದ ಹೊತ್ತು ಮತ್ತು ಸಂಜೆಯಿಂದ ತೆಗೆದು ವಾಲಿಬಾಲ್ ಆಟಕ್ಕೆ ಕೊಟ್ಟದ್ದಾಯಿತು.

ನಾಲ್ಕನೆಯ ಭಾಗವನ್ನು ನಾವು ಮುಟ್ಟಲಿಲ್ಲ. ಟ್ಯಾಬ್ಲೆಟ್ ತನ್ನಷ್ಟಕ್ಕೆ ವಿಷವಲ್ಲ. ಮಗುವಿನ ಗೆಳೆತನ, ಕುತೂಹಲ, ವಿನೋದಗಳೂ ಅದರಲ್ಲಿವೆ. ಆ ಒಂದೂವರೆ ಗಂಟೆಯನ್ನು ದಿನದ ಯಾವ ಹೊತ್ತಿನಲ್ಲಿ ಬಳಸುವುದೆಂಬ ನಿರ್ಣಯವನ್ನು ಬಾಲಕನಿಗೇ ಬಿಟ್ಟೆವು; ರಾತ್ರಿ ಒಂಬತ್ತರ ನಂತರ ಇಲ್ಲ ಎಂಬುದೊಂದೇ ನಿಬಂಧನೆ. ಭಾನುವಾರ ಈಗಲೂ ಆ ಮನೆಯಲ್ಲಿ ಸಣ್ಣ ವಾಗ್ವಾದ ನಡೆಯುತ್ತದೆ. ಆದರೆ ತಲೆನೋವು ನಿಂತಿದೆ, ಬೆಳಗಿನ ಕರೆ ನಡೆದಿದೆ.

ಈ ಕ್ರಮ ಅನುಸರಿಸುವವರು ಕೆಲವು ಮಾತುಗಳನ್ನು ನೆನಪಿಡಬೇಕು. ಮೊದಲು ರಾತ್ರಿಯ ಭಾಗವನ್ನೇ ಕಳೆಯಿರಿ. ನಿದ್ರೆ ಮರಳಿದರೆ ಸಿಡುಕು ತಗ್ಗಿ ಮುಂದಿನ ಹೆಜ್ಜೆ ಸುಲಭವಾಗುತ್ತದೆ. ಒಪ್ಪಂದವನ್ನು ಮಗುವಿನ ಕೈಬರಹದಲ್ಲಿ ಬರೆಯಿಸಿ ಗೋಡೆಗೆ ಹಚ್ಚಿರಿ. ಹಿರಿಯರ ಕರ್ತವ್ಯಗಳೂ ಅದರಲ್ಲಿರಲಿ. ಮೊದಲ ವಾರ ಸಿಟ್ಟು, ಚಡಪಡಿಕೆ ಸಹಜ. ಅದಕ್ಕೆ ಹೆದರಿ ಸಡಿಲಿಸಬೇಡಿರಿ, ಅದನ್ನು ದ್ರೋಹವೆಂದು ಭಾವಿಸಿ ದಂಡಿಸಲೂ ಬೇಡಿರಿ. ಕ್ರಮ ತಪ್ಪಿದರೆ ಹಿಂದಿನ ಕಾಲು ಭಾಗಕ್ಕೆ ಮರಳಿ ಅಲ್ಲಿಂದ ಮುಂದುವರಿಯಿರಿ, ಮೊದಲಿನಿಂದ ಆರಂಭಿಸಬೇಕಿಲ್ಲ. ಗೂಗಲ್‌ನ ಫ್ಯಾಮಿಲಿ ಲಿಂಕ್, ಆಪಲ್‌ನ ಸ್ಕ್ರೀನ್ ಟೈಮ್ ಮುಂತಾದ ನಿಯಂತ್ರಣ ಸಾಧನಗಳನ್ನು ಊರುಗೋಲಿನಂತೆ ಬಳಸಬಹುದು. ಮಗುವಿಗೆ ತಿಳಿಸಿಯೇ ಬಳಸಿರಿ. ಗುಟ್ಟಾಗಿ ಕಾವಲಿಟ್ಟರೆ ಮಗು ಕಳ್ಳದಾರಿಯನ್ನು ಕಲಿಯುತ್ತದೆ.

ತೆಗೆದ ಸ್ಥಳವನ್ನು ತುಂಬುವುದು

ಪಾದಾಂಶಿಕ ಕ್ರಮದಲ್ಲಿ ಜನರು ಮರೆಯುವುದು ಅದರ ಉತ್ತರಾರ್ಧವನ್ನು. ಅಹಿತವನ್ನು ತೆಗೆದು ಸ್ಥಳವನ್ನು ಬರಿದಾಗಿ ಬಿಟ್ಟರೆ ಅದೇ ಅಹಿತ ಮರಳಿ ಬಂದು ಕೂರುತ್ತದೆ. ನಮ್ಮ ಕರಾವಳಿಯಲ್ಲಿ ತುಂಬಲು ವಸ್ತುಗಳಿಗೆ ಕೊರತೆಯಿಲ್ಲ. ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಕಾಸರಕೋಡಿನ ಕಡಲತೀರ, ಅಪ್ಸರಕೊಂಡದ ಗುಡ್ಡ, ಮಿರ್ಜಾನ ಕೋಟೆ ಇವೆಲ್ಲ ಅರ್ಧ ದಿನದ ನಡಿಗೆಗೆ ತಕ್ಕ ತಾಣಗಳು. ದೂರದ ದಿಗಂತವನ್ನು ನೋಡುವುದು ಹತ್ತಿರದ ಪರದೆಗೆ ಅಂಟಿದ ಕಣ್ಣಿಗೆ ವಿಶ್ರಾಂತಿ. ಹೊರಗಿನ ಹಗಲು ಬೆಳಕಿನಲ್ಲಿ ಕಾಲ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆಯೆಂದು ನೇತ್ರತಜ್ಞರು ಹೇಳುತ್ತಾರೆ.

ಕಷ್ಟ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜಡಿಮಳೆಯಲ್ಲಿ ಅಂಗಳಕ್ಕೆ ಇಳಿಯಲಾಗದು, ಶಾಲೆಗೆ ರಜೆ ಘೋಷಣೆಯಾಗುತ್ತದೆ. ಮಾಡಿಕೊಂಡ ಒಪ್ಪಂದ ಮಳೆನೀರಿನಲ್ಲಿ ಕೊಚ್ಚಿಹೋಗುತ್ತದೆ. ಆದ್ದರಿಂದ ಮಳೆಗಾಲದ ಪಟ್ಟಿಯನ್ನು ಮೇ ತಿಂಗಳಲ್ಲೇ ಸಿದ್ಧಪಡಿಸಿರಿ. ಮದ್ದಳೆ, ಚಂಡೆ, ಭಾಗವತಿಕೆಯ ಅಭ್ಯಾಸ. ಜಗಲಿಯಲ್ಲಿ ಚನ್ನೆಮಣೆ, ಚದುರಂಗ. ಅಡುಗೆಮನೆಯಲ್ಲಿ ಒಂದು ದಿನದ ಅಡುಗೆಯ ಪೂರ್ಣ ಹೊಣೆ. ಮಲ್ಲಿಗೆ ಬೆಳೆಯುವ ಭಟ್ಕಳದ ಮನೆಗಳಲ್ಲಿ ಮೊಗ್ಗು ಕಟ್ಟುವ ಕೆಲಸಕ್ಕೆ ಮಗನನ್ನೂ ಕೂರಿಸಿರಿ. ಬೆರಳಿಗೆ ಕೆಲಸ ಸಿಕ್ಕರೆ ಮನಸ್ಸಿಗೆ ಮಾತು ಬರುತ್ತದೆ. ಕಾಯಕವನ್ನು ದೊಡ್ಡದೆಂದು ನಂಬಿದ ಮನೆಗಳಲ್ಲಿ ಮಕ್ಕಳನ್ನು ಕೆಲಸದಿಂದ ದೂರವಿಟ್ಟು ‘ಓದಿಕೋ’ ಎಂದು ಒಳಕೋಣೆಗೆ ಕಳುಹಿಸುವ ರೂಢಿ ಬೆಳೆದಿರುವುದು ವಿಚಾರಿಸಬೇಕಾದ ಸಂಗತಿ. ಟ್ಯಾಬ್ಲೆಟ್ ಇರುವುದು ಆ ಒಳಕೋಣೆಯಲ್ಲಿಯೇ.

ಪಥ್ಯ ಮನೆಗೆಲ್ಲ

ಪಥ್ಯದ ಅಡುಗೆಯನ್ನು ರೋಗಿಯೊಬ್ಬನಿಗೆ ಬಡಿಸಿ, ಅವನೆದುರು ಮನೆಯವರೆಲ್ಲ ಕರಿದ ತಿಂಡಿ ತಿನ್ನುತ್ತಿದ್ದರೆ ಆ ಪಥ್ಯ ಮೂರು ದಿನ ನಿಲ್ಲದು. ಮಗನಿಗೆ ಮಿತಿ ಹೇಳುವ ತಂದೆಯ ಕೈಯಲ್ಲಿ ಮೊಬೈಲು, ತಾಯಿಯ ಮುಂದೆ ಧಾರಾವಾಹಿ ಇದ್ದರೆ ಮಾತಿಗೆ ಬಲವೆಲ್ಲಿ? ಉಣ್ಣುವಾಗ ಮನಸ್ಸು ಅನ್ನದಲ್ಲಿಯೇ ಇರಬೇಕೆಂಬುದು ಚರಕರ ಆಹಾರವಿಧಿ. ಅದನ್ನು ಮಕ್ಕಳಿಗಷ್ಟೇ ಹೇಳಿದ್ದಲ್ಲ.

ಇಡೀ ಊರೇ ಪಥ್ಯ ಹಿಡಿದ ಉದಾಹರಣೆಯೂ ಇದೆ. ನಮ್ಮ ಗಡಿಯಾಚೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಲ್ಲಿ 2022ರಲ್ಲಿ ಗ್ರಾಮಸ್ಥರು ಒಂದು ನಿರ್ಣಯ ಕೈಗೊಂಡರು. ಸಂಜೆ ಏಳಕ್ಕೆ ದೇವಾಲಯದಿಂದ ಸೈರನ್ ಮೊಳಗುತ್ತದೆ. ಆಗ ಟಿ.ವಿ., ಮೊಬೈಲುಗಳನ್ನು ಆರಿಸಿ ಒಂದೂವರೆ ಗಂಟೆ ಮಕ್ಕಳು ಓದಿಗೆ, ಹಿರಿಯರು ಮಾತಿಗೆ ಕೂರಬೇಕು. ಮಕ್ಕಳೊಡನೆ ಹಿರಿಯರೂ ಆರಿಸಬೇಕೆಂಬುದೇ ಇದರ ಸತ್ವ. ದೂರದ ಆಸ್ಟ್ರೇಲಿಯದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನು ಜಾರಿಗೆ ಬಂದಿದೆ. ನಮ್ಮ ದೇಶದಲ್ಲಿಯೂ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಕಾನೂನು ಊರಿನ ಬೇಲಿಯಾದೀತು. ಮನೆಯ ಬಾಗಿಲನ್ನು ಮನೆಯವರೇ ಹಾಕಬೇಕು.

ಭಕ್ತರ ಮನೆಗಳಲ್ಲಿ ಇದಕ್ಕೆ ಅನುಕೂಲವಾದ ಹೊತ್ತೊಂದು ಈಗಾಗಲೇ ಇದೆ. ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿ ದೃಷ್ಟಿ ನಿಲ್ಲಿಸುವ ಪೂಜೆಯ ಹೊತ್ತಿನಿಂದ ಊಟ ಮುಗಿಯುವವರೆಗೆ ಮನೆಯ ಎಲ್ಲ ಸಾಧನಗಳೂ ಒಂದು ಬುಟ್ಟಿಯಲ್ಲಿರಲಿ. ರಾತ್ರಿ ಚಾರ್ಜಿಂಗ್ ನಡುಮನೆಯಲ್ಲಿಯೇ ನಡೆಯಲಿ. ಮಲಗುವ ಕೋಣೆಗೆ ಯಾರ ಸಾಧನವೂ ಹೋಗದಿರಲಿ.

ಉಪಚಾರ ಮತ್ತು ಎಚ್ಚರಿಕೆ

ಮಲಗುವ ಮುನ್ನ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಮಗುವಿನ ಅಂಗಾಲಿಗೆ ಹತ್ತು ನಿಮಿಷ ತಿಕ್ಕಿರಿ. ಪಾದಾಭ್ಯಂಗ ಕಣ್ಣಿಗೂ ಹಿತವೆಂದು ಶಾಸ್ತ್ರ ಹೇಳುತ್ತದೆ. ತಾಯಿಯೋ ತಂದೆಯೋ ಕೈಯಾರೆ ತಿಕ್ಕಿದರೆ ಆ ಹತ್ತು ನಿಮಿಷಗಳಲ್ಲಿ ಮಗು ಹಗಲೆಲ್ಲ ಹೇಳದ ಮಾತನ್ನು ಹೇಳುತ್ತದೆ. ಟ್ಯಾಬ್ಲೆಟ್ಟನ್ನು ಮೊಳದಷ್ಟು ದೂರವಿಟ್ಟು, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿಯಾಚೆಯ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಮಾಡಿಸಿರಿ. ಕಣ್ಣುರಿಗೆಂದು ಜೇನು, ಸೊಪ್ಪಿನ ರಸ, ಎಣ್ಣೆ ಮೊದಲಾದವನ್ನು ಮನೆಯಲ್ಲೇ ಕಣ್ಣಿಗೆ ಬಿಡಬೇಡಿರಿ. ನೇತ್ರತರ್ಪಣ, ತ್ರಿಫಲಾ ಪ್ರಕ್ಷಾಲನಗಳು ವೈದ್ಯರ ಸಮ್ಮುಖದಲ್ಲಿಯೇ ನಡೆಯತಕ್ಕವು. ವರ್ಷಕ್ಕೊಮ್ಮೆ ನೇತ್ರತಜ್ಞರಿಂದ ದೃಷ್ಟಿಪರೀಕ್ಷೆ ಆಗಲಿ. ಕನ್ನಡಕ ಬೇಕೆಂದರೆ ಸಂಕೋಚ ಬೇಡ.

ಕೆಲವು ಮಕ್ಕಳಿಗೆ ಮನೆಮದ್ದು ಸಾಲದು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಅದೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಇವು ದೀರ್ಘಕಾಲ ಮುಂದುವರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗವೆಂದೇ ಪರಿಗಣಿಸಿದೆ. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗವರ್ಗೀಕರಣದಲ್ಲಿ ಇದು ಸೇರಿದೆ. ಶಾಲೆ ಬಿಡುವುದು, ಮನೆಯವರ ಮೇಲೆ ಕೈಮಾಡುವುದು, ಹಣ ಕದಿಯುವುದು, ಬದುಕು ಬೇಡವೆಂಬ ಮಾತು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಮನೋವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಚಿಕಿತ್ಸಾ ವಿಭಾಗ ನಡೆಯುತ್ತಿದೆ. ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ಮನೆತನದ ಮಾನ ಹೋಗುವಂತಹದೇನೂ ಇಲ್ಲ.

ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಪರೀಕ್ಷೆಗಳಿಗೆ ಕೂರುವ ಮಕ್ಕಳಿರುವ ಮನೆಯವರು ಪರೀಕ್ಷೆಯ ತಿಂಗಳು ಬಂದಾಗ ಟ್ಯಾಬ್ಲೆಟ್ ಕಸಿಯಲು ಮುಂದಾಗುತ್ತಾರೆ. ಆಗ ಹೊತ್ತು ಮೀರಿರುತ್ತದೆ. ಮೂರು ಕಾಲು ಭಾಗಗಳಿಗೆ ಆರು ವಾರಗಳು ಬೇಕು. ಈ ಸಂಚಿಕೆ ಕೈಸೇರ ಇದೇ ವಾರದಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಕಾಗದದಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕ ಬರೆಯಿರಿ. ಮಗುವಿನ ಲೆಕ್ಕದ ಪಕ್ಕದಲ್ಲಿ ನಿಮ್ಮ ಲೆಕ್ಕವನ್ನೂ ಬರೆಯಿರಿ. ಮೊದಲ ಕಾಲು ಭಾಗವನ್ನು ಇಬ್ಬರೂ ಒಂದೇ ರಾತ್ರಿ ಬಿಡಿರಿ.